ಸಹಿ ಹಾಕದ ಅಕ್ಕ

ಹೋದ ತಿಂಗಳು ಮದ್ದೂರಿನ ಒಂದು ಕಲ್ಯಾಣ ಮಂಟಪದಲ್ಲಿ ಅಕ್ಕನಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಏರ್ಪಡಿಸಿದವರು ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಯಜಮಾನರು. ವೇದಿಕೆಯ ಮೇಲೆ ಅಕ್ಕನ ಫೋಟೋ, ಅದಕ್ಕೊಂದು ಗಂಧದ ಹಾರ. ಯಜಮಾನರು ಮೈಕು ಹಿಡಿದು, ಈ ತಾಯಿ ಹಾಕಿಕೊಟ್ಟ ಗುಣಮಟ್ಟದ ದಾರಿಯಲ್ಲೇ ನಮ್ಮ ಸಂಸ್ಥೆ ಇವತ್ತಿಗೂ ನಡೆಯುತ್ತಿದೆ ಎಂದು ಹೇಳಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಸತ್ತವರ ಸಭೆಯಲ್ಲಿ ಚಪ್ಪಾಳೆ ತಟ್ಟುವುದನ್ನು ನಮ್ಮ ಜನ ಯಾವಾಗ ಕಲಿತರೋ ಗೊತ್ತಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಏಳು ವರ್ಷದ ಹಿಂದೆ ಇದೇ ಅಕ್ಕನನ್ನು ಗೇಟಿನಿಂದ ಆಚೆ ಹಾಕಿದವರು ಇದೇ ಯಜಮಾನರು. ಅಷ್ಟಕ್ಕೂ ಸಮಾಧಾನವಾಗದೆ ಸ್ಟೇಷನ್ನಿಗೆ ದೂರು ಕೊಟ್ಟು, ದೇಶದ ಮಾಲನ್ನು ಹಾಳು ಮಾಡಿದ ಹೆಂಗಸು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದವರು. ಆ ಮನುಷ್ಯ ಈಗ ತಾಯಿ ಅನ್ನುತ್ತಿದ್ದರೆ ನಾನು ಎದ್ದು ನಿಂತು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎಲೆ ಮುಂದೆ ಕೂತು ಪಾಯಸದ ತನಕ ಉಂಡು ಎದ್ದು ಬಂದೆ. ಈ ಬರಹದಲ್ಲಿ ಸಿಟ್ಟು ಜಾಸ್ತಿ ಕಂಡರೆ ಅದು ಪೂರ್ತಿ ಯಜಮಾನರ ಮೇಲಿನದು ಎಂದುಕೊಳ್ಳಬೇಡಿ. ಅರ್ಧ ನನ್ನ ಮೇಲಿನದು.

ಅಕ್ಕ ಬೆಸಗರಹಳ್ಳಿಯವರು. ಮಂಡ್ಯದಲ್ಲಿ ಐಟಿಐ ಓದಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಮನೆಯಲ್ಲಿ ರೇಷ್ಮೆ ಸಾಕಣೆ, ಸ್ವಲ್ಪ ಗದ್ದೆ, ಬೇಸಾಯ ನೋಡಿಕೊಳ್ಳುವ ಗಂಡ, ಒಬ್ಬಳು ಮಗಳು. ದಿನಾ ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಬಸ್ಸು ಹತ್ತಿ ಮದ್ದೂರಿಗೆ ಬಂದು, ಕೈಗಾರಿಕಾ ಬಡಾವಣೆಯಲ್ಲಿದ್ದ ನಮ್ಮ ತಗಡಿನ ಶೆಡ್ಡಿನಲ್ಲಿ ಇನ್‌ಸ್ಪೆಕ್ಷನ್ ಮೇಜಿನ ಹಿಂದೆ ಕೂರುತ್ತಿದ್ದರು. ಉಕ್ಕನ್ನು ತಿರುಗಿಸಿ ಕಡೆಯುವ ಲೇತಿನಲ್ಲಿ ತಯಾರಾದ ಪ್ರತಿ ಸಾಮಾನನ್ನೂ ಅಳೆದು, ಸರಿಯಿದ್ದರೆ ಸಹಿ, ಇಲ್ಲದಿದ್ದರೆ ವಾಪಸು. ನಾನು ಪಕ್ಕದ ಸ್ಟೋರಿನವನು. ಕಬ್ಬಿಣ ಬಂದರೆ ಇಳಿಸಿಕೊಳ್ಳುವುದು, ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು, ಕೊಡುವುದು ನನ್ನ ಕೆಲಸ. ಅವರಿಗೆ ನನಗಿಂತ ಎರಡು ವರ್ಷ ಹೆಚ್ಚು. ಶೆಡ್ಡಿನಲ್ಲಿ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಅವರಿಗಿಂತ ದೊಡ್ಡವರಾದ ಯಜಮಾನರೂ ಸೇರಿ.

ಅವರು ದಪ್ಪ ಅಳೆಯುವ ಮೈಕ್ರೋಮೀಟರು ಇರುತ್ತಿದ್ದದ್ದು ಮಗಳ ಹಳೇ ಫ್ಲಾನೆಲ್ ಲಂಗದ ತುಂಡಿನೊಳಗೆ. ಅದನ್ನು ಬಿಚ್ಚಿ, ಒರೆಸಿ, ಅಂಗೈಯಲ್ಲಿ ಇಟ್ಟುಕೊಳ್ಳದೆ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು. ಮೈಯ ಬಿಸಿ ತಾಗಿದರೂ ಉಕ್ಕು ಕೂದಲೆಳೆಯಷ್ಟು ಉಬ್ಬುತ್ತದೆ ಎನ್ನುವುದು ಅವರಿಂದಲೇ ನನಗೆ ಗೊತ್ತಾಗಿದ್ದು. ಲೇತಿನಿಂದ ಇಳಿದ ಸಾಮಾನನ್ನು ತಕ್ಷಣ ಅಳೆಯುತ್ತಲೇ ಇರಲಿಲ್ಲ. ಕಲ್ಲಿನ ಮೇಜಿನ ಮೇಲೆ ಇಟ್ಟು ಕಾಯುವರು. ಲೇತು ನಡೆಸುವ ಟರ್ನರು ಅವಸರ ಮಾಡಿದರೆ, “ಅದೂ ತಣ್ಗಾಗ್ಲಿ, ನೀನೂ ತಣ್ಗಾಗು” ಎಂದು ಟೀ ಕುಡಿಯಲು ಕಳಿಸುವರು. ರೇಷ್ಮೆಹುಳದ ಮನೆಯಲ್ಲಿ ಬಿಸಿಲು ಚಳಿ ನೋಡಿ ನೋಡಿ ಅಭ್ಯಾಸವಾದವರಿಗೆ ಕಾಯುವುದು ಕಷ್ಟವೇ ಅಲ್ಲ ಎಂದು ಅವರೇ ಹೇಳುತ್ತಿದ್ದರು.

ಅವರ ಹತ್ತಿರ ಎರಡು ನೇಮಗಳಿದ್ದವು. ಇವನ್ನು ಬಿಡಿಸಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಒಂದು, ನಂಬರು. ಉಕ್ಕಿನ ರಾಡು ಕಾರ್ಖಾನೆಯಿಂದ ಬರುವಾಗ ಅದರ ತುದಿಯಲ್ಲಿ ಒಂದು ನಂಬರು ಒತ್ತಿರುತ್ತದೆ. ಯಾವ ಸಲದ ಕುಲುಮೆಯಲ್ಲಿ ಕರಗಿಸಿದ್ದು, ಅದರಲ್ಲಿ ಏನೇನು ಬೆರೆತಿದೆ ಎನ್ನುವ ಸರ್ಟಿಫಿಕೇಟು ಆ ನಂಬರಿನ ಮೇಲೆ ಬೇರೆ ಬರುತ್ತದೆ. ಅಕ್ಕ ಆ ಸರ್ಟಿಫಿಕೇಟನ್ನು ಜಾತಕ ಅನ್ನುತ್ತಿದ್ದರು. ರಾಡನ್ನು ಕತ್ತರಿಸುವ ಮೊದಲು, ಉಳಿಯುವ ತುಂಡಿನ ಮೇಲೂ ಕತ್ತರಿಸುವ ತುಂಡಿನ ಮೇಲೂ ಅದೇ ನಂಬರನ್ನು ಸುತ್ತಿಗೆಯಿಂದ ಪಂಚು ಹೊಡೆಯಬೇಕು. ಆಮೇಲೆ ಗರಗಸ. ಇದು ಎಲ್ಲ ಕಾರ್ಖಾನೆಯ ಪುಸ್ತಕದಲ್ಲೂ ಬರೆದಿರುವ ನಿಯಮ, ಪಾಲಿಸುವವರು ಕಡಿಮೆ. ನಂಬರಿಲ್ಲದ ತುಂಡು ಅಕ್ಕನ ಮೇಜಿಗೆ ಬಂದರೆ, “ಜಾತ್ಕ ಇಲ್ದೆ ನಿಮ್ಮನೆ ಎಣ್ಣು ಕೊಟ್ಬುಡ್ತೀರೇನ್ಲಾ” ಎಂದು ಕೇಳಿ ಎತ್ತಿ ನೆಲಕ್ಕಿಡುವರು.

ಎರಡನೆಯದು, ಗರಗಸದ ಗಾಯ. ತಳ್ಳಿಹಾಕಿದ ಸಾಮಾನನ್ನು ಹಾಗೆಯೇ ಗುಜರಿ ಡಬ್ಬಕ್ಕೆ ಎಸೆಯುತ್ತಿರಲಿಲ್ಲ. ವೈಸಿನ ದವಡೆಯಲ್ಲಿ ಕಚ್ಚಿಸಿ, ಕೆಲಸಕ್ಕೆ ಬರುವ ಮುಖದ ಮೇಲೆ ಹ್ಯಾಕ್ಸಾ ಗರಗಸದಿಂದ ಆಳವಾಗಿ ಒಂದು ಗೀರು ಕೊಯ್ದೇ ಎಸೆಯುವರು. ಡಬ್ಬದಿಂದ ಎತ್ತಿ ಒರೆಸಿ ಒಳ್ಳೆಯ ಮಾಲಿನ ಜೊತೆ ಸೇರಿಸುವ ಬುದ್ಧಿವಂತರನ್ನು ಅವರು ನೋಡಿದ್ದರು. ಅಂಥ ಬುದ್ಧಿವಂತರನ್ನು ನಾನೂ ನೋಡಿದ್ದೇನೆ.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಎಂದರೆ ಗಂಟುಮುಖದವರು ಎಂದುಕೊಳ್ಳಬಾರದು. ಬಸ್ಸಿನಲ್ಲಿ ಇಡೀ ಬೆಸಗರಹಳ್ಳಿಯ ಸುದ್ದಿ ಅವರ ಬಾಯಲ್ಲಿ. ಸಂತೆಯಲ್ಲಿ ತಕ್ಕಡಿಯವನ ತೂಕದ ಬಟ್ಟನ್ನು ಕೈಯಲ್ಲಿ ತೂಗಿ ನೋಡಿ, ಇದು ಎಷ್ಟು ಸವೆದಿದೆ ಎಂದು ಅವನಿಗೇ ಹೇಳಿ, ಅವನು ನಾಚಿ ಒಂದು ಹಿಡಿ ಹುರುಳಿಕಾಯಿ ಹೆಚ್ಚಿಗೆ ಹಾಕಿದರೆ ಅದನ್ನೂ ತೆಗೆದು ವಾಪಸಿಡುವರು. ಕಾವೇರಿ ಗಲಾಟೆಯಲ್ಲಿ ಬಸ್ಸು ನಿಂತ ಒಂದು ದಿನ ನಾವೆಲ್ಲ ರಜೆ ಸಿಕ್ಕಿತೆಂದು ಮನೆಯಲ್ಲಿ ಮಲಗಿದ್ದರೆ ಅವರು ನಡೆದೇ ಬಂದು, ಬೀಗ ಹಾಕಿದ ಗೇಟಿನ ಮುಂದೆ ಡಬ್ಬಿಯ ಊಟ ಮಾಡಿ, ನಡೆದೇ ವಾಪಸು ಹೋಗಿದ್ದರು. ಯಾಕಕ್ಕಾ ಎಂದು ಕೇಳಿದರೆ, ಬೀಗ ಹಾಕಿರುವುದು ನನಗೇನು ಕನಸು ಬಿದ್ದಿತ್ತೇ ಎಂದು ನಕ್ಕರು.

ನಮ್ಮ ಶೆಡ್ಡಿಗೆ ಮೊದಲು ಬರುತ್ತಿದ್ದದ್ದು ಸಕ್ಕರೆ ಕಾರ್ಖಾನೆಯ ಪಂಪುಗಳ ಕೆಲಸ. ಒಂದು ವರ್ಷ ದೊಡ್ಡದೊಂದು ಕಂಪನಿಯ ಮೂಲಕ ಹೊಸ ಕೆಲಸ ಬಂತು: ಇಪ್ಪತ್ತನಾಲ್ಕು ವಾಲ್ವ್ ಸ್ಪಿಂಡಲ್ಲು. ಮೊಣಕೈ ಉದ್ದದ, ಹೆಬ್ಬೆರಳು ದಪ್ಪದ ಉಕ್ಕಿನ ಕಡ್ಡಿಗಳು, ಅಷ್ಟೆ. ಸಮುದ್ರದ ನೀರನ್ನು ಒಳಗೆ ಬಿಡುವ, ನಿಲ್ಲಿಸುವ ವಾಲ್ವಿನ ಒಳಗೆ ಇವು ತಿರುಗುತ್ತವೆ. ಡ್ರಾಯಿಂಗಿನಲ್ಲಿ ಯಂತ್ರದ ಹೆಸರಿರಲಿಲ್ಲ. ಅಕ್ಕ ಕೇಳಿದ್ದಕ್ಕೆ ಯಜಮಾನರು, ಅದು ದೇಶದ ಗುಟ್ಟು, ಹೆಂಗಸರು ಕೇಳಬಾರದು ಎಂದರು. ಆ ಗುಟ್ಟನ್ನು ಅದೇ ವಾರ ಅವರೇ ಒಂದು ಬೀಗರೂಟದ ಪಂಕ್ತಿಯಲ್ಲಿ ಎರಡು ಸಾಲಿಗೆ ಕೇಳುವಂತೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿ, ಒಳಗೆ ಊರಿಗೆ ಊರನ್ನೇ ಸುಡುವ ಕ್ಷಿಪಣಿಗಳು, ಅದರ ಬಿಡಿಭಾಗ ನಮ್ಮ ಮದ್ದೂರಿನಲ್ಲಿ ಆಗುತ್ತಿದೆ ಎಂದು. ಮಾರನೆಯ ದಿನ ಟೀ ಅಂಗಡಿಯವನು ನನ್ನನ್ನು ಕೇಳಿದ, ಅಣ್ಣಾ ಬಾಂಬು ಯಾವಾಗ ರೆಡಿಯಾಗುತ್ತೆ ಅಂತ. ಇಡೀ ಮದ್ದೂರಿಗೆ ಗೊತ್ತಿದ್ದ ಸಂಗತಿ ಗೊತ್ತಿರಬಾರದಾಗಿದ್ದದ್ದು ಅದನ್ನು ಅಳೆದು ಸಹಿ ಹಾಕಬೇಕಾದ ಒಬ್ಬರಿಗೆ ಮಾತ್ರ.

ಆ ದೊಡ್ಡ ಕಂಪನಿಯ ಕಡೆಯಿಂದ ಮಾಲು ನೋಡಲು ಬರುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದ, ಕಾರವಾರದ ಕಡೆಯ ಒಬ್ಬ ಹಿರಿಯರು. ಮೊದಲ ದಿನವೇ ಅಕ್ಕನ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು. ಹಡಗಿನ ಹೆಸರು, ಜಾಗ ಏನೂ ಹೇಳಲಿಲ್ಲ, ಆದರೆ ನೀರಿನ ಕೆಳಗಿನ ಬದುಕಿನ ಬಗ್ಗೆ ಅಕ್ಕ ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಉತ್ತರ ಕೊಟ್ಟರು. ಅಂಥ ಹಡಗುಗಳು ತಿಂಗಳುಗಟ್ಟಲೆ ಮೇಲೆ ಬರುವುದಿಲ್ಲ. ಒಳಗೆ ಹಗಲು ರಾತ್ರಿ ಗೊತ್ತಾಗುವುದು ಗಡಿಯಾರದಿಂದ ಮಾತ್ರ. ಮನೆಯಲ್ಲಿ ಯಾರಾದರೂ ಸತ್ತರೂ ಅವರಿಗೆ ತಿಳಿಯುವುದು ದಡಕ್ಕೆ ಬಂದ ಮೇಲೆ. ಕಟ್ಟಿದ ಹಡಗು ದಶಕಗಟ್ಟಲೆ ಓಡಬೇಕು, ಒಳಗಿನ ಒಂದೊಂದೇ ಭಾಗ ಸವೆಯುತ್ತದೆ, ಮೊದಲು ಮಾಡಿಕೊಟ್ಟವರು ಎಷ್ಟೋ ಸಲ ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ. ಆಗ ಹಳೆಯ ಭಾಗವನ್ನು ಮುಂದಿಟ್ಟುಕೊಂಡು ಹೊಸದನ್ನು ಮಾಡುವವರನ್ನು ಹುಡುಕಿಕೊಂಡು ಇಂಥ ಶೆಡ್ಡುಗಳಿಗೆ ಬರಬೇಕಾಗುತ್ತದೆ ಎಂದರು. ಅಷ್ಟು ದೊಡ್ಡ ಹಡಗಿನ ಕ್ಷೇಮ ಮದ್ದೂರಿನ ತಗಡಿನ ಕೆಳಗೆ ಕೂತ ನಮ್ಮಂಥವರ ಕೈಗೆ ಬರುತ್ತದೆ ಎಂದು ಕೇಳಿ ನನಗೆ ಹೆದರಿಕೆಯಾಯಿತು. ಯಜಮಾನರಿಗೆ ಆಗಲಿಲ್ಲ.

ಅವರು ಹೋದ ಮೇಲೆ ಅಕ್ಕ ಸ್ಟೂಲನ್ನು ಗೋಡೆಗೆ ಸರಿಸಿ, “ಬಸ್ಸು ಕೆಟ್ರೆ ನಾವು ಇಳ್ದು ರೋಡ್ನಾಗೆ ನಿಂತ್ಕತೀವಿ. ಅವ್ರು ಎಲ್ಲಿ ಇಳ್ದಾರು ಯೋಳು” ಎಂದು ನನ್ನನ್ನು ಕೇಳಿದರು. ಒಳಗಿರುವ ಕ್ಷಿಪಣಿ ಎಲ್ಲಿ ಬಿದ್ದು ಯಾರನ್ನು ಸುಡುತ್ತದೋ, ಅದು ಸರಿಯೋ ತಪ್ಪೋ, ಅದು ದೊಡ್ಡವರ ತಲೆನೋವು, ಅವರೇ ದೇವರಿಗೆ ಉತ್ತರ ಹೇಳಿಕೊಳ್ಳಲಿ. ಒಳಗೆ ಕೂತಿರುವ ಮಕ್ಕಳು ಮಾತ್ರ ನಮ್ಮ ತಲೆನೋವು ಎಂದರು. ಆ ಹಡಗಿನಲ್ಲಿರುವವರನ್ನು ಅವರು ಯಾವಾಗಲೂ ಮಕ್ಕಳು ಎಂದೇ ಕರೆದರು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ.

ಆ ಸ್ಪಿಂಡಲ್ಲುಗಳಿಗೆಂದು ಉಪ್ಪುನೀರು ತಡೆಯುವ ವಿಶೇಷ ಉಕ್ಕಿನ ರಾಡುಗಳು ಬಂದಿದ್ದವು. ಅವನ್ನು ಇಳಿಸಿದ್ದು ಸ್ಟೋರಿನಲ್ಲಿ, ಸಕ್ಕರೆ ಕಾರ್ಖಾನೆಯ ಪಂಪಿಗೆಂದು ತರಿಸಿದ್ದ ಸಾಧಾರಣ ಸ್ಟೀಲಿನ ರಾಡುಗಳ ಪಕ್ಕದಲ್ಲೇ. ಎರಡೂ ಒಂದೇ ದಪ್ಪ, ಒಂದೇ ಬಣ್ಣ, ಒಂದೇ ಹೊಳಪು. ತುದಿಯ ನಂಬರು ನೋಡಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುವುದು. ಸಾಧಾರಣದ್ದು ಉಪ್ಪುನೀರಿನಲ್ಲಿ ಕೆಲವು ತಿಂಗಳಿಗೆಲ್ಲ ಹುಳುಕು ಹಲ್ಲಿನ ಹಾಗೆ ಒಳಗಿಂದ ತೂತು ಬೀಳುತ್ತದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಕ್ಕ ಕೆರಗೋಡಿನಲ್ಲಿ ತಂಗಿಯ ಮನೆಯ ಕಾರ್ಯವಿದೆಯೆಂದು ಹತ್ತು ದಿನ ರಜೆ ಹಾಕಿದ್ದರು. ನಮ್ಮ ಕಡೆಯ ಶೆಡ್ಡುಗಳಲ್ಲಿ ಆಯುಧಪೂಜೆ ಎಂದರೆ ಏನೆಂದು ನೋಡಿದವರಿಗೆ ಗೊತ್ತು. ವರ್ಷವೆಲ್ಲ ಎಣ್ಣೆ ಮೆತ್ತಿಕೊಂಡು ಬಿದ್ದಿರುವ ಸಾಮಾನನ್ನು ಎರಡು ದಿನ ಉಜ್ಜಿ ಉಜ್ಜಿ ಹೊಳೆಯಿಸುವುದು, ಲೇತಿಗೆ ಬಾಳೆಕಂದು, ಸ್ಪ್ಯಾನರಿಗೆ ವಿಭೂತಿ, ಬಾಗಿಲಲ್ಲಿ ಬೂದುಗುಂಬಳಕಾಯಿ. ಆ ವರ್ಷ ಯಜಮಾನರು ಪೂಜೆಗೆ ದೊಡ್ಡ ದೊಡ್ಡವರನ್ನು ಕರೆದಿದ್ದರು. ಸ್ಟೋರೂ ಮಿಂಚಬೇಕು ಎಂದರು. ನನಗೂ ಹುಮ್ಮಸ್ಸು ಬಂತು. ಇಬ್ಬರು ಕೆಲಸಗಾರರ ಕೈಗೆ ಗ್ರೈಂಡರು ಕೊಟ್ಟು, ರಾಡುಗಳನ್ನೆಲ್ಲ ಕೆಳಗಿಳಿಸಿ ತುದಿಗಳನ್ನು ಪಾಲಿಷ್ ಮಾಡಿ ಕನ್ನಡಿ ಹಾಗೆ ಜೋಡಿಸಿ ಎಂದೆ. ಅವರು ಭಕ್ತಿಯಿಂದ ಮಾಡಿದರು. ಒಂದೊಂದು ರಾಡಿನ ತುದಿಗೂ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಬಂದವರೆಲ್ಲ ಸ್ಟೋರನ್ನು ನೋಡಿ ದೇವಸ್ಥಾನದ ಹಾಗಿದೆ ಎಂದು ಹೊಗಳಿದರು. ನಾನು ಹಿಗ್ಗಿದೆ.

ಹಬ್ಬ ಕಳೆದು ಕುಂಕುಮ ಒರೆಸಿ ತುದಿಗಳನ್ನು ನೋಡಿದೆ. ಒಂದು ರಾಡಿನಲ್ಲೂ ನಂಬರಿರಲಿಲ್ಲ. ಇಳಿಸಿ ಹತ್ತಿಸುವಾಗ ಎರಡು ಬಗೆಯವೂ ಬೆರೆತುಹೋಗಿದ್ದವು.

ನಾನು ಹೋಗಿ ಯಜಮಾನರಿಗೆ ಹೇಳಿದೆ. ಇಲ್ಲಿಯವರೆಗೆ ನಾನು ಮಾಡಿದ್ದು ದಡ್ಡತನ, ಅದನ್ನು ಯಾರಾದರೂ ಕ್ಷಮಿಸಬಹುದು. ಯಜಮಾನರು ನನ್ನನ್ನು ಬೈಯಲಿಲ್ಲ. ಬಾಗಿಲು ಮುಂದೆ ಮಾಡಿ, ಮಾಲು ಕಳಿಸುವ ದಿನ ಹತ್ತಿರ ಬಂದಿದೆ, ಈ ಕೆಲಸ ತಪ್ಪಿದರೆ ಮತ್ತೆ ನಮ್ಮನ್ನು ಯಾರೂ ಕರೆಯುವುದಿಲ್ಲ, ರಿಜಿಸ್ಟರು ನೋಡಿ ನಂಬರು ಹೊಡೆದುಬಿಡು, ನಿನಗೆ ಹೆಚ್ಚುಕಮ್ಮಿ ಗೊತ್ತಲ್ಲ ಎಂದರು. ನಾನು ಪಂಚು ಸುತ್ತಿಗೆ ತೆಗೆದುಕೊಂಡು ಹೋಗಿ, ಇವೇ ಇರಬೇಕು ಎನ್ನಿಸಿದ ಆರು ರಾಡಿಗೆ ಜಾತಕದ ನಂಬರನ್ನು ಹೊಡೆದೆ. ಇದನ್ನು ದಡ್ಡತನ ಎನ್ನಲಾಗುವುದಿಲ್ಲ.

ಅಕ್ಕ ವಾಪಸು ಬರುವ ಹೊತ್ತಿಗೆ ಸ್ಪಿಂಡಲ್ಲುಗಳು ಮುಗಿಯುತ್ತ ಬಂದಿದ್ದವು. ತಿರುಗಿಸಿದವನು ಮಳವಳ್ಳಿಯ ರಫೀಕ್, ನಮ್ಮಲ್ಲಿ ಅವನಿಗಿಂತ ಒಳ್ಳೆಯ ಟರ್ನರು ಇರಲಿಲ್ಲ. ಅವನಿಗೂ ವಿಷಯ ಗೊತ್ತಿರಲಿಲ್ಲ. ಅಳತೆಯಲ್ಲಿ ಒಂದೂ ತಪ್ಪಿರಲಿಲ್ಲ. ಅಕ್ಕ ಅವನನ್ನು ಹೊಗಳಿದರು. ಆಮೇಲೆ ಅಭ್ಯಾಸದಂತೆ, ಉಳಿದ ತುಂಡುಗಳನ್ನು ನೋಡಲು ಸ್ಟೋರಿಗೆ ಬಂದರು. ಉಕ್ಕಿನ ಕಾರ್ಖಾನೆಯವರು ಒತ್ತುವ ನಂಬರು ಚುಕ್ಕಿ ಚುಕ್ಕಿಯಾಗಿರುತ್ತದೆ, ರಾಡಿನ ಮೂಲ ತುದಿಯಲ್ಲಿ ಅದು ಕೊನೆಯ ತನಕ ಉಳಿದಿರಬೇಕು. ಈ ತುದಿಗಳಲ್ಲಿ ಇದ್ದದ್ದು ನಮ್ಮ ಪಂಚಿನ ದಪ್ಪ ಗೆರೆಯ ಅಂಕಿ. ಬಗ್ಗಿ ನೋಡಿದರು, ಬೆರಳಾಡಿಸಿದರು.

“ಇದು ಯಾರ ಕೈ?” ಎಂದರು.

ನಾನು ನೆಲ ನೋಡಿದೆ. ಅವರಿಗೆ ಅಷ್ಟು ಸಾಕಾಯಿತು. ಎಲ್ಲವನ್ನೂ ಬಾಯಿಬಿಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. “ಪೂಜೆ ಮಾಡಿ ಕಣ್ಣು ಕಿತ್ಬುಟ್ಯಲ್ಲೋ” ಎಂದು ಮೆಲ್ಲಗೆ ಹೇಳಿ ಯಜಮಾನರ ಕೋಣೆಗೆ ಹೋದರು.

ಬಾಗಿಲು ತೆರೆದೇ ಇತ್ತು. ಅಕ್ಕ ಮೊದಲು ದಾರಿ ತೋರಿಸಿದರು. ಒಂದೊಂದು ಸ್ಪಿಂಡಲ್ಲಿನ ತುಂಡನ್ನೂ ಬೆಂಗಳೂರಿನ ಲ್ಯಾಬಿಗೆ ಕಳಿಸೋಣ, ತಡವಾಗುತ್ತದೆ ಎಂದು ಅವರಿಗೆ ನಿಜ ಬರೆಯೋಣ, ಆ ಕಾರವಾರದವರು ಅರ್ಥ ಮಾಡಿಕೊಳ್ಳುತ್ತಾರೆ ಎಂದರು. ಯಜಮಾನರು, ನಿಜ ಬರೆದರೆ ಅಲ್ಲಿಗೆ ಮುಗಿಯಿತು, ನಂಬರು ಅಳಿಸಿಕೊಂಡ ಶೆಡ್ಡಿಗೆ ಯಾರು ಕೆಲಸ ಕೊಡುತ್ತಾರೆ, ಎಲ್ಲವೂ ಸ್ಟೀಲೇ, ಅಷ್ಟು ಚೆನ್ನಾಗಿ ಬಂದಿದೆ, ಸಹಿ ಹಾಕಿ ಅಕ್ಕ ಎಂದರು. ಆ ಸಲ ಕಾರವಾರದವರು ಬರುವುದೂ ಇರಲಿಲ್ಲ. ಈ ಹೆಂಗಸು ಸಹಿ ಹಾಕಿದ್ದರೆ ನಾನು ಬಂದು ನೋಡುವುದೇ ಬೇಡ ಎಂದು ಅವರೇ ಕಾಗದದಲ್ಲಿ ಬರೆದಿದ್ದರು. ಆ ನಂಬಿಕೆಯನ್ನೇ ಯಜಮಾನರು ಅಕ್ಕನ ಮುಂದೆ ಹಿಡಿದು, ಅವರೇ ಒಪ್ಪಿದ್ದಾರಲ್ಲ ಎಂದರು. ಇಷ್ಟು ಹೇಸಿಗೆಯ ಮಾತನ್ನು ನಾನು ಮತ್ತೆಲ್ಲೂ ಕೇಳಿಲ್ಲ.

“ಸಾ, ನಂಗೊತ್ತಿಲ್ದುದ್ನ ಗೊತ್ತು ಅಂತ ಬರ್ಯಾಕಾಯ್ಕಿಲ್ಲ” ಎಂದರು ಅಕ್ಕ.

ನೀವು ಹಾಕದಿದ್ದರೆ ನಿಮ್ಮ ಪರವಾಗಿ ಸ್ಟೋರಿನವನು ಹಾಕುತ್ತಾನೆ ಎಂದರು ಯಜಮಾನರು. ಸ್ಟೋರಿನವನು ಎಂದರೆ ನಾನು. ಅಕ್ಕ ತಿರುಗಿ ನನ್ನ ಮುಖ ನೋಡಿದರು. ನಾನು ಹಾಕುವುದಿಲ್ಲ ಎಂದು ಹೇಳಲಿಲ್ಲ.

ಅವರು ಮಾಡಿದ್ದು ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ, ಎಲ್ಲರೂ ನೋಡುವ ಹಾಗೆ. ಇಪ್ಪತ್ತನಾಲ್ಕು ಸ್ಪಿಂಡಲ್ಲನ್ನೂ ಟ್ರೇ ಸಮೇತ ತಂದು ವೈಸಿನ ಪಕ್ಕ ಇಟ್ಟುಕೊಂಡರು. ಒಂದೊಂದನ್ನೇ ಕಚ್ಚಿಸಿ, ನೀರು ತಡೆಯುವ ಮುಖದ ಮೇಲೆ ಹ್ಯಾಕ್ಸಾದಿಂದ ಗೀರು ಕೊಯ್ಯತೊಡಗಿದರು. ಉಕ್ಕು ಗಟ್ಟಿ, ಬ್ಲೇಡು ಮೂರು ಸಲ ಮುರಿಯಿತು. ರಫೀಕ್ ಕೈ ತೊಳೆದು ಓಡಿ ಬಂದ. ಅವನ ಒಂದು ವಾರದ ಕೆಲಸ ಅದು, ಒಂದೊಂದನ್ನೂ ಮಗುವಿನ ಹಾಗೆ ತಿರುಗಿಸಿದ್ದ. ಅಕ್ಕ ಅವನಿಗೆ ಯಾಕೆಂದು ಎರಡು ಮಾತಿನಲ್ಲಿ ಹೇಳಿದರು. ಅವನು ಹೊಸ ಬ್ಲೇಡು ಹಾಕಿಕೊಟ್ಟು, ಉಳಿದವನ್ನು ಅಲುಗಾಡದ ಹಾಗೆ ಹಿಡಿದುಕೊಂಡ. ಯಜಮಾನರು ಕೂಗಾಡುತ್ತ ಬರುವ ಹೊತ್ತಿಗೆ ಕೊನೆಯದು ವೈಸಿನಲ್ಲಿತ್ತು. ಅದನ್ನೂ ಮುಗಿಸಿ, ತಮ್ಮ ಮೇಜಿನ ರಿಜಿಸ್ಟರಿನಲ್ಲಿ ‘ನಂಬರಿಲ್ಲ, ತಳ್ಳಲಾಗಿದೆ’ ಎಂದು ಬರೆದು, ಅದರ ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿ, ಮೈಕ್ರೋಮೀಟರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಆ ಪುಟವನ್ನು ಯಜಮಾನರು ಹರಿದುಹಾಕಿದರು. ಸ್ಟೋರಿನ ರಿಜಿಸ್ಟರಿನಲ್ಲಿ ನನ್ನ ಕೈಬರಹದ ನಂಬರು ಹಾಗೆಯೇ ಉಳಿಯಿತು.

ಆಮೇಲೆ ನಡೆದದ್ದು ಇದು. ರಜೆಯ ವಿಷಯಕ್ಕೆ ಜಗಳವಾಡಿ, ಸಿಟ್ಟಿನಲ್ಲಿ, ಸರಿಯಾಗಿದ್ದ ರಕ್ಷಣಾ ಸಾಮಗ್ರಿಯನ್ನು ಬೇಕೆಂದೇ ಹಾಳು ಮಾಡಿದ್ದಾರೆ ಎಂದು ಅಕ್ಕನ ಕೈಗೆ ಡಿಸ್ಮಿಸ್ ಕಾಗದ ಬಂತು. ದೊಡ್ಡ ಕಂಪನಿಗೂ ಹಾಗೆಯೇ ಬರೆದರು. ಸ್ಟೇಷನ್ನಿನವರು ಅಕ್ಕನನ್ನು ಕರೆಸಿ ಕೇಳಿ, ಕೇಸು ಮಾಡದೆ ಕಳಿಸಿದರು. ಆದರೆ ಸ್ಟೇಷನ್ನಿನ ಬಾಗಿಲಲ್ಲಿ ಕೂತದ್ದನ್ನು ನೋಡಿದವರು ಎಷ್ಟು ಜನ. ಬೆಸಗರಹಳ್ಳಿಯ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಬಿಡುವವರು ಹುಟ್ಟಿಕೊಂಡರು. ಶತ್ರು ದೇಶದಿಂದ ಎಷ್ಟು ಬಂತಮ್ಮ ಎಂದು ಕೇಳಿದ ಗಂಡಸೂ ಒಬ್ಬ ಇದ್ದ. ಯುದ್ಧದ ಹಡಗನ್ನು ಫೋಟೋದಲ್ಲಿ ಬಿಟ್ಟು ನೋಡದ, ಆ ಹಡಗಿನೊಳಗಿನ ಒಬ್ಬನ ಪ್ರಾಣಕ್ಕಾಗಿ ಒಂದು ಹೊತ್ತಿನ ಊಟ ಬಿಡದ ಜನ ಇವರು. ಇವರ ದೇಶಭಕ್ತಿಗೆ ಖರ್ಚು ಅಂತ ಏನೂ ಇಲ್ಲ.

ತಮಾಷೆ ಕೇಳಿ. ಆ ಇಪ್ಪತ್ತನಾಲ್ಕು ಹೋಗಿದ್ದರಿಂದ ಯಜಮಾನರು ಹೊಸ ರಾಡು ತರಿಸಲೇಬೇಕಾಯಿತು. ನಂಬರಿರುವ, ಜಾತಕವಿರುವ ರಾಡು. ಎರಡು ತಿಂಗಳು ತಡವಾಗಿ ಮಾಲು ಹೋಯಿತು, ಚೆನ್ನಾಗಿತ್ತು, ಉತ್ತಮ ಗುಣಮಟ್ಟ ಎಂದು ಒಂದು ಫಲಕ ಬಂತು. ಅದು ಆಫೀಸಿನ ಗೋಡೆಯ ಮೇಲೆ ಗಣಪತಿ ಪಕ್ಕದಲ್ಲಿ ಈಗಲೂ ಇದೆ.

ಅಕ್ಕನ ಜೊತೆ ಕೆಲಸ ಬಿಟ್ಟವನು ರಫೀಕ್ ಒಬ್ಬನೇ. ಮಳವಳ್ಳಿಯಲ್ಲಿ ಒಂದು ಹಳೇ ಲೇತು ಹಾಕಿಕೊಂಡು, ಕಬ್ಬಿನ ಹಾಲಿನ ಮಿಷನ್ನಿನ ರೋಲರು, ಟ್ರ್ಯಾಕ್ಟರಿನ ಪಿನ್ನು ಮಾಡಲು ಶುರು ಮಾಡಿದ. ವಾರಕ್ಕೆ ಎರಡು ದಿನ ಅಕ್ಕ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿ ಅಳೆದು ಕೊಡುತ್ತಿದ್ದರು. ಅಲ್ಲೂ ಅದೇ ಹಟ. ಅಕ್ಕಾ, ಇದು ಕಬ್ಬು ಹಿಂಡುವ ರೋಲರು, ಸಬ್‌ಮೆರೀನಲ್ಲ ಎಂದು ರಫೀಕ್ ರೇಗಿಸಿದರೆ, ರೋಲರು ಜಾರಿದರೆ ಕಬ್ಬು ಕೊಡುವವನ ಬೆರಳು ಹೋಗುತ್ತದಲ್ಲ, ಅವನೂ ಒಬ್ಬ ತಾಯಿಯ ಮಗನೇ ಎನ್ನುತ್ತಿದ್ದರಂತೆ. ಅವನು ಇದನ್ನು ನನಗೆ ಹೇಳಿದ್ದು ಶ್ರದ್ಧಾಂಜಲಿಯ ದಿನ, ಕಲ್ಯಾಣ ಮಂಟಪದ ಗೇಟಿನ ಹೊರಗೆ ನಿಂತು. ಒಳಗೆ ಬರಲಿಲ್ಲ, ಊಟವನ್ನೂ ಮಾಡಲಿಲ್ಲ.

ಡಿಸ್ಮಿಸ್ ಆಗಿ ಒಂದು ವರ್ಷವಾದ ಮೇಲೆ ಅಕ್ಕ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕರು. ತಪ್ಪಿಸಿಕೊಳ್ಳಲು ನೋಡಿದೆ, ಅವರೇ ಕೂಗಿ ಕರೆದರು. ಕೆಲಸ ವಾಪಸು ಬೇಡ, ಪರಿಹಾರ ಬೇಡ, ನನ್ನಿಂದ ಅವರಿಗೆ ಬೇಕಾಗಿದ್ದದ್ದು ಒಂದೇ. ಅವರು ದೊಡ್ಡ ಕಂಪನಿಗೆ ಕಾಗದ ಬರೆದಿದ್ದರು. ಕಾರವಾರದವರು ಅಷ್ಟರಲ್ಲಿ ಆ ಕೆಲಸ ಬಿಟ್ಟು ಹೋಗಿದ್ದರು. ಅವರ ಜಾಗಕ್ಕೆ ಬಂದವರು, ಸ್ಟೋರಿನ ರಿಜಿಸ್ಟರಿನಲ್ಲಿ ನಂಬರು ಇದೆಯಲ್ಲ, ಇಲ್ಲ ಎನ್ನುವುದಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ ಎಂದು ಕೇಳಿದ್ದರು.

“ಒಂದೇ ಸಾಲು ಬರ್ಕೊಡಪ್ಪ,” ಎಂದರು. “ನಂಬರು ಅಳ್ಸೋಗಿತ್ತು, ನಾನೇ ಒಡ್ದೆ ಅಂತ. ಮಗ್ಳಿಗೆ ಗಂಡು ನೋಡ್ತಾವ್ರೆ, ಬಂದೋರೆಲ್ಲ ಇದ್ನೇ ಕೇಳ್ತಾರೆ. ನಿಮ್ಮವ್ವ ಕಳ್ತನ ಮಾಡಿಲ್ಲ, ದ್ರೋಹ ಮಾಡಿಲ್ಲ ಅಂತ ಅವ್ಳಿಗೊಂದು ಕಾಗ್ದ ಬೇಕು.”

ನೋಡೋಣ ಅಕ್ಕ ಎಂದೆ. ನನಗೂ ಮಕ್ಕಳಿದ್ದರು, ಮನೆ ಕಟ್ಟುತ್ತಿದ್ದೆ, ಯಜಮಾನರು ಆ ವರ್ಷ ನನ್ನನ್ನು ಸ್ಟೋರಿನಿಂದ ಆಫೀಸಿಗೆ ಏರಿಸಿದ್ದರು. ಯಾಕೆ ಏರಿಸಿದರೆಂದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅವರು ಒತ್ತಾಯ ಮಾಡಲಿಲ್ಲ. ಬಸ್ಸು ಬಂತು, ಹತ್ತಿದರು. ಆಮೇಲೆ ಎರಡು ಸಲ ಸಿಕ್ಕಾಗಲೂ ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ ಎಂದು ಕೇಳಿದರೇ ಹೊರತು ಕಾಗದದ ಮಾತೆತ್ತಲಿಲ್ಲ. ಆ ಎರಡು ಸಲದ ಕ್ಷೇಮ ವಿಚಾರಣೆಯನ್ನು ನಾನು ಯಾವ ಜನ್ಮಕ್ಕೂ ಮರೆಯುವುದಿಲ್ಲ. ಇಂಥ ಹೆಂಗಸನ್ನು ಊರು ದ್ರೋಹಿ ಎಂದಿತು. ನಿಜ ಗೊತ್ತಿದ್ದವನು ನಾನು, ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಸಂಬಳ ಎಣಿಸಿದೆ.

ಶ್ರದ್ಧಾಂಜಲಿಯ ಊಟ ಮಾಡಿ ಬಂದ ಮಾರನೆಯ ದಿನ ಕೂತು ಆ ಕಾಗದವನ್ನು ಬರೆದೆ. ಅಕ್ಕ ಕೇಳಿದ್ದು ಒಂದು ಸಾಲು, ನನ್ನದು ಮೂರು ಪುಟವಾಯಿತು. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಇದನ್ನು ದೊಡ್ಡಸ್ತಿಕೆ ಎಂದು ಹೇಳುತ್ತಿಲ್ಲ, ನಿವೃತ್ತಿಗೆ ಉಳಿದಿದ್ದದ್ದೇ ಎಂಟು ತಿಂಗಳು. ಕಾಗದ ತೆಗೆದುಕೊಂಡು ಬೆಸಗರಹಳ್ಳಿಗೆ ಹೋದೆ.

ಮಗಳು ಮಂಡ್ಯದಲ್ಲಿ ನರ್ಸು, ಆವತ್ತು ತವರಿಗೆ ಬಂದಿದ್ದಳು. ಶ್ರದ್ಧಾಂಜಲಿಗೆ ಅವಳು ಬಂದಿರಲಿಲ್ಲ. ಜಗಲಿಯ ಮೇಲೆ ನಿಂತೇ ಮೂರು ಪುಟವನ್ನೂ ಓದಿದಳು. ಹೇಗಿತ್ತೋ ಹಾಗೆ ಮಡಿಸಿ ನನ್ನ ಕೈಗೇ ಕೊಟ್ಟಳು.

“ಇದ್ರಾಗೆ ನಮ್ಗೆ ಒಸ್ದೇನೂ ಇಲ್ಲ ಮಾವ. ಅವ್ವ ಸಾಯೋಗಂಟ ಇದ್ನೇ ಯೋಳ್ತಿದ್ಳು, ನಾವು ನಂಬಿದ್ವಿ. ನಂಬ್ದೆ ಇದ್ದೋರಿಗೆ ತಕ್ಕೊಂಡೋಗಿ ಕೊಡಿ.”

ದೊಡ್ಡ ಕಂಪನಿಗೆ, ಸ್ಟೇಷನ್ನಿಗೆ, ಯಜಮಾನರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಒಂದೊಂದು ಪ್ರತಿ ಕಳಿಸುತ್ತೇನೆ ಎಂದೆ. ಕಳಿಸಿದ್ದೇನೆ. ಅಕ್ಕನ ಬಗ್ಗೆ ನಾಲ್ಕು ಜನ ಓದುವ ಹಾಗೆ ಬರೆಯುತ್ತೇನೆ, ಅವರ ಹೆಸರು ಊರಿಗೆಲ್ಲ ತಿಳಿಯಲಿ ಎಂದೂ ಹೇಳಿದೆ. ಒಳಗೆ ಹೋಗುತ್ತಿದ್ದವಳು ಹೊಸ್ತಿಲಲ್ಲಿ ನಿಂತಳು.

“ಅವ್ವನ ಎಸ್ರು ಆಕ್ಬ್ಯಾಡಿ. ಅದು ಕೆಟ್ಟು ನಿಂತಿದ್ದಾಗ ನೀವು ಯಾರೂ ಬರ್ಲಿಲ್ಲ. ನಿಮ್ಮೆಸ್ರು ಆಕಿ ಮಾವ, ಅದು ಒ‌ಸಿ ಕೆಡ್ಲಿ.”

ಅವಳು ಹೇಳಿದ ಹಾಗೆಯೇ ಮಾಡಿದ್ದೇನೆ: ಅಕ್ಕನ ಹೆಸರು ಎಲ್ಲೂ ಇಲ್ಲ, ಇದನ್ನು ಅಚ್ಚಿಗೆ ಕಳಿಸಿದ್ದು ನನ್ನ ಹೆಸರಿನಲ್ಲಿ.